ಧರ್ಮಜ್ಜನ ಗದ್ದುಗೆ

"ಸಮಾಧಿ ಇರೋ ಹೊಲದಾಗೆ ಸೈಟ್ ಮಾಡಿದ್ರೆ ಯಾವನ್ರೀ ತಗಂತಾನೆ?" ಅಂದ ಅಡಿಕೆ ವ್ಯಾಪಾರಿ ಷಣ್ಮುಖಪ್ಪ. ಎಂಬತ್ಮೂರನೇ ಇಸವಿ. ಹೊಸ ಬಸ್‌ಸ್ಟ್ಯಾಂಡ್ ಈ ಕಡೆಗೇ ಬರುತ್ತದಂತೆ ಎಂಬ ಗಾಳಿಮಾತು ನಂಬಿ, ಚನ್ನಗಿರಿ ಅಂಚಿನ ಆ ಎರಡು ಎಕರೆಗೆ ಅವನೂ ಬಟ್ಟೆ ಅಂಗಡಿ ಹಾಲಸ್ವಾಮಿಯೂ ಕೂಡಿ ಮುಂಗಡ ಕೊಟ್ಟಿದ್ದರು. ಜಾಲಿ ಕಡಿಸಿದ ಮೇಲೆ ಮೂಲೆಯ ಸಮಾಧಿ ಕಣ್ಣಿಗೆ ಬಿತ್ತು.

"ಕಿತ್ತು ಹಾಕ್ರಿ," ಅಂದಳು ಹೊಲದ ಒಡತಿ ಶಂಕ್ರಮ್ಮ. "ನನ್ನ ಕೈ ನೆಟ್ಟಗಿದ್ದಿದ್ರೆ ನಾನೇ ಕೀಳ್ತಿದ್ದೆ."

ಗಂಡಸರಿಬ್ಬರೂ ಹೌಹಾರಿದರು. ಸಮಾಧಿ ಅವಳ ಗಂಡ ಧರ್ಮಪ್ಪನದು. ಆ ಮಹಾನುಭಾವ ಬದುಕಿದ್ದಷ್ಟು ದಿನ ಮಾಡಿದ್ದು ಎರಡೇ ಕೆಲಸ, ಕುಡಿಯುವುದು ಮತ್ತು ಹೆಂಡತಿಯನ್ನು ಬಡಿಯುವುದು. ಒಮ್ಮೆ ನೊಗದ ಗೂಟದಿಂದ ಅವಳ ಬಲಗೈ ಮಣಿಕಟ್ಟು ಮುರಿದ. ಮೂಳೆ ಸೊಟ್ಟಗೇ ಕೂಡಿಕೊಂಡಿತು. ಆಮೇಲೆ ಆ ಕೈಗೆ ಒಂದು ರೊಟ್ಟಿ ನೆಟ್ಟಗೆ ಬಡಿಯಲಾಗಲಿಲ್ಲ. ಅವನು ಸತ್ತಾಗ ಬಂಧುಗಳು ಪದ್ಧತಿಯಂತೆ ಅವನ ಹೊಲದಲ್ಲೇ ಮಣ್ಣು ಮಾಡಿ ಹೋದರು. ಹೊಲಕ್ಕೆ ಕಾಲಿಟ್ಟಾಗಲೆಲ್ಲ ಅವನೇ ಎದುರಿಗೆ ಕೂತ ಹಾಗೆ. ಇದನ್ನು ಮಾರಿ, ಕತ್ತಲಗೆರೆಯ ತಂಗಿಯ ಮನೆ ಪಕ್ಕ ಒಂದು ಕೋಣೆ ಕಟ್ಟಿಕೊಂಡು, ಅವನ ನೆನಪಿಲ್ಲದ ಕಡೆ ನಾಲ್ಕು ದಿನ ಬದುಕಬೇಕು ಅನ್ನುವುದೊಂದೇ ಅವಳ ಆಸೆ.

"ಹಂಗಾದ್ರೆ ಕೀಳಿಸಾಣ," ಅಂದ ಷಣ್ಮುಖಪ್ಪ.

"ತಲೆ ಕೆಟ್ಟೈತೇನ್ರೀ?" ಹಾಲಸ್ವಾಮಿ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. ದಾವಣಗೆರೆಯಲ್ಲಿ ಎರಡು ಲೇಔಟ್ ಮಾಡಿ ಪಳಗಿದ ಆಸಾಮಿ. "ಹೆಣ ಕಿತ್ತ ಜಾಗ ಅಂತ ಹೆಸರು ಬಿದ್ರೆ ಮುಗೀತು, ನಾಯೀನೂ ಮೂಸಲ್ಲ. ನನ್ನ ಮಾತು ಕೇಳ್ರಿ. ಸುಣ್ಣ ಬಳಿಸಿ, ಸಣ್ಣದೊಂದು ಮಂಟಪ ಕಟ್ಟಿಸಿ, ವಿಭೂತಿ ಹಚ್ಚಿಸ್ರಿ. ಸಮಾಧಿ ಅಂದ್ರೆ ರೇಟು ಇಳೀತೈತೆ, ಗದ್ದುಗೆ ಅಂದ್ರೆ ಏರ್ತೈತೆ."

"ಆ ಕುಡುಕಂದು ಗದ್ದುಗೇನಾ? ಊರ ಜನ ಉಗಿಯಲ್ವೇನ್ರೀ?"

"ಸತ್ತ ಮ್ಯಾಲೆ ಎಲ್ರೂ ಒಳ್ಳೇರೇ. ಅಲ್ದೆ ಸೈಟ್ ತಗಳ್ಳೋರು ಜಗಳೂರು, ಹೊನ್ನಾಳಿ ಕಡೆಯಿಂದ ವರ್ಗ ಆಗಿ ಬಂದ ಮೇಷ್ಟ್ರುಗಳು. ಅವರಿಗೇನು ಗೊತ್ತು? ಹೆಸರು ಬೇರೆ ಹೆಂಗೆ ಕೂಡಿ ಬಂದೈತೆ ನೋಡ್ರಿ, ಧರ್ಮಜ್ಜ!"

ಶಂಕ್ರಮ್ಮ ಸುತರಾಂ ಒಪ್ಪಲಿಲ್ಲ. "ಅವನಿಗೆ ಹೂವಾ? ನಿಮ್ಮ ಬಾಯಿಗೆ ಮಣ್ಣು ಹಾಕ!" ಎಂದು ಅಳುತ್ತಾ ಬೈದಳು. ಹಾಲಸ್ವಾಮಿ ಸಿಟ್ಟಾಗಲಿಲ್ಲ. "ಶಂಕ್ರಮ್ಮಾರೆ, ಮಾತಾಗಿರೋದೇನು? ಕೊನೇ ಸೈಟ್ ಹೋದ ಮ್ಯಾಲೆ ನಿಮ್ಮ ಬಾಕಿ. ಸೈಟ್ ಹೋಗಾಕೆ ಅಜ್ಜಾರು ಬೇಕು. ಅಜ್ಜಾರ ಮನೇರು ನೀವೇ ಕುಂತು ವಿಭೂತಿ ಕೊಟ್ರೆ ಇನ್ನೂ ಬೇಗ ಹೋಗ್ತಾವೆ. ಆಮೇಲೆ ಕತ್ತಲಗೆರೆಗೆ ಹೋಗ್ರಿ, ಯಾರು ಬ್ಯಾಡಂತಾರೆ?" ಮುಂಗಡ ವಾಪಸ್ ಎಸೆಯೋಣವೆಂದರೆ ಅದು ಆಗಲೇ ಕತ್ತಲಗೆರೆಯ ಕೋಣೆಯ ಗೋಡೆಗಳಾಗಿ ನಿಂತಿತ್ತು. ಮಾಡು ಹಾಕಿಸುವುದೊಂದು ಬಾಕಿ. ಅವಳು ಹೋಗಿ ಕುಂತಳು.

ಜನ ಬಂದರು. ಮೊದಲು ಸೈಟ್ ನೋಡಲು, ಆಮೇಲೆ ಹರಕೆ ಹೊರಲು. ಅಡಿಕೆ ಧಾರಣೆ ಏರಿದ ವರ್ಷ ಷಣ್ಮುಖಪ್ಪನೇ ಮನೆಮಂದಿಯೊಡನೆ ಬಂದು ಗದ್ದುಗೆಗೆ ಉದ್ದಕ್ಕೂ ಅಡ್ಡಬಿದ್ದ. ಸೈಟೆಲ್ಲ ಖರ್ಚಾಗಿ ಕೊನೆಗೆ ಒಂದು ಉಳಿಯಿತು. ಅದನ್ನೂ ಮಾರಿಬಿಡೋಣವೇ ಎಂದು ಷಣ್ಮುಖಪ್ಪ ಕೇಳಿದರೆ, ಹಾಲಸ್ವಾಮಿ ಮತ್ತೊಂದು ಸಲಹೆ ಕೊಟ್ಟ. "ಗದ್ದುಗೆ ಪಕ್ಕದ್ದು ಕಣ್ರೀ ಅದು. ಇಟ್ಕಳ್ರಿ. ಏರ್ತಾನೇ ಇರ್ತೈತೆ." ಕತ್ತಲಗೆರೆಯ ಕೋಣೆಗೆ ಮಾಡು ಏರಲೇ ಇಲ್ಲ.

ಒಂದು ಸೋಮವಾರ, ಜಗಳೂರಿನಿಂದ ಹೊಸದಾಗಿ ಬಂದ ಮೇಷ್ಟ್ರ ಹೆಂಡತಿ ಹೊನ್ನೂರಮ್ಮ ವಿಭೂತಿಗೆ ಕೈಯೊಡ್ಡಿದಳು. ಕೊಡುತ್ತಿದ್ದ ಕೈಯ ಮೇಲೇ ಅವಳ ಕಣ್ಣು ನಿಂತಿತು.

"ಅಲ್ಲ ತಾಯಿ, ಊರಿಗೆಲ್ಲ ವಿಭೂತಿ ಕೊಡ್ತೀರಿ, ನಿಮ್ಮ ಕೈಯೇ ಹಿಂಗೆ ಸೊಟ್ಟಗೈತಲ್ಲ! ಅಜ್ಜಾರ ಹತ್ರ ಬೇಡ್ಕಾಬಾರದಾ?"

ಶಂಕ್ರಮ್ಮ ಹೂವಿನಲ್ಲಿ ಮುಳುಗಿದ್ದ ಗದ್ದುಗೆಯ ಕಡೆ ನೋಡಿದಳು. "ಇದನ್ನ ಕೊಟ್ಟೋನೇ ಅವನು ಕಣವ್ವಾ," ಅಂದಳು.

ಹೊನ್ನೂರಮ್ಮ ಗಡಬಡಿಸಿ ಬಗ್ಗಿ, ಆ ಸೊಟ್ಟ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.