ತಟ್ಟೆಯಲ್ಲಿ ಬಂದ ಹಿಮ

"ಅಜ್ಜ, ಕಣ್ ಮುಚ್ಕೊಂಡು ಮುಟ್ಟಿ ನೋಡಿ. ಫ್ರೀಜರಿಂದ ಸ್ನೋ ತಂದಿದೀನಿ. ನಿಮ್ಮ ಕಾಶ್ಮೀರದ್ದು ಹೀಗೇ ಇತ್ತಾ?" ಎಂದು ಹಂಸಾ ತಟ್ಟೆ ಮುಂದೆ ಹಿಡಿದಳು. ಅಜ್ಜ ಮಂಡಿಯುದ್ದ ಹಿಮದಲ್ಲಿ ನಡೆದ ಕಥೆಯನ್ನು ಲೊರೆಶೋ ಬಡಾವಣೆಯ ಆ ಮನೆಯಲ್ಲಿ ನಂಬದವಳು ಈ ಮೊಮ್ಮಗಳೊಬ್ಬಳೇ.

ನೈರೋಬಿಯ ಜುಲೈ ಚಳಿಗೆ ಮಂಕಿಕ್ಯಾಪ್ ಹಾಕಿ ಕೂತಿದ್ದ ಉಮಾಶಂಕರಯ್ಯ ತಟ್ಟೆಗೆ ಕೈಯಿಟ್ಟರು. ಮೈ ಜುಮ್ಮೆಂದಿತು. "ಇದೇ ಕಣೇ! ನಲವತ್ತು ವರ್ಷ ಆದ್ರೂ ಕೈ ಮರೆತಿಲ್ಲ ನೋಡು!" ಎಂದು ಒಂದು ಹಿಡಿ ಎತ್ತಿ ಕೆನ್ನೆಗೆ ಒತ್ತಿಕೊಂಡರು.

"ಪಲ್ಯಕ್ಕೆ ಇಟ್ಟಿದ್ದ ಕಾಯಿತುರಿ ಎಲ್ಲೇ ಹೋಯ್ತು?" ಅಡುಗೆಮನೆಯಿಂದ ಅಜ್ಜಿ ಪಾರ್ವತಿಯ ಕೂಗು. ಹಂಸಾ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು.

ಅಜ್ಜ ಕಣ್ಣು ತೆರೆಯಲಿಲ್ಲ. ಕೆನ್ನೆಗೆ ಅಂಟಿದ್ದನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, "ಕಾಶ್ಮೀರದ್ದು ಇಷ್ಟು ಸಿಹಿ ಇರಲಿಲ್ಲ, ಮಗಳೇ" ಎಂದರು.