ಎಡಗಾಲಿನ ಬೂಟು

ಹತ್ತುವವರ ಆಸರೆಗೆಂದು ಬಂಡೆಗೆ ಬಿಗಿದ ಉಕ್ಕಿನ ಹಗ್ಗದಿಂದ ತಮ್ಮ ಸೊಂಟಪಟ್ಟಿಯ ಕೊಕ್ಕೆ ಬಿಡಿಸಿಕೊಂಡು, ಹಿಂದೆ ಯುದ್ಧಕಾಲದಲ್ಲಿ ಸೈನಿಕರು ಕೊರೆದ ಸುರಂಗದೊಳಗೆ ಬಂದ ವೃದ್ಧೆ ಹೆರ್ತಾ, ಗೋಡೆಯ ಗೂಡಿನಲ್ಲಿದ್ದ ಒಂಟಿ ಬೂಟಿನ ಮುಂದೆ ಮಂಡಿಯೂರಿ, ಚೀಲದಿಂದ ಉಣ್ಣೆಯ ಕಾಲುಚೀಲಗಳನ್ನು ತೆಗೆದರು.

"ಮೊದಲ್ನೇ ಮಹಾಯುದ್ಧದಲ್ಲಿ ನಮ್ಮಜ್ಜ ಸತ್ತಿದ್ದು ಇದೇ ಬೆಟ್ಟದಲ್ಲಪ್ಪಾ. ‘ಚಳಿಗೆ ಕಾಲು ಕೊರೀತಿದೆ, ಕಾಲುಚೀಲ ಕಳ್ಸು’ ಅಂತ ಕಾಗದ ಬರೆದಿದ್ರು. ಅಜ್ಜಿ ಇವನ್ನ ಹೆಣೆದು ಮುಗಿಸೋ ಹೊತ್ತಿಗೆ ಸಾವಿನ ಸುದ್ದಿ ಬಂತು." ಒಂದನ್ನು ಬೂಟಿನೊಳಗೆ ಮೆಲ್ಲಗೆ ತುರುಕಿದರು.

ಅವರನ್ನು ಕರೆತಂದಿದ್ದ ಗೈಡ್ ಇಲಾರಿಯೊ ಒಂದು ಹೆಜ್ಜೆ ಮುಂದೆ ಬಂದ. ಹಿಮ ಕರಗಿದಾಗ ಸಿಕ್ಕಿದ್ದು ಸತ್ತ ಸೈನಿಕನ ಈ ಒಂದು ಬೂಟು ಮಾತ್ರ ಎಂದು ಆರು ಬೇಸಿಗೆಯಿಂದ ಬಂದವರಿಗೆಲ್ಲ ಹೇಳುತ್ತಿದ್ದ, ಇವತ್ತೂ ಹೇಳಿದ್ದ.

"ಅಮ್ಮಾ, ಅದು..."

"ಗೊತ್ತು ಬಿಡಪ್ಪಾ, ನಮ್ಮಜ್ಜಂದೇ ಅಂತ ನಾನೇನು ಹಟ ಮಾಡ್ತಿಲ್ಲ. ಯಾರ ಕಾಲಾದ್ರೂ ಬೆಚ್ಚಗಿರ್ಲಿ." ಇನ್ನೊಂದು ಕಾಲುಚೀಲವನ್ನು ಅವನ ಕೈಗಿಟ್ಟರು. "ಬಲಗಾಲಿಂದು ಎಲ್ಲಾದ್ರೂ ಸಿಕ್ಕಿದ್ರೆ ಇದನ್ನ ಹಾಕ್ಬಿಡು, ಮರೀಬೇಡ."

"ಆಗ್ಲಮ್ಮಾ" ಎಂದುಬಿಟ್ಟ.

ಬೋಲ್ಝಾನೊ ಪಟ್ಟಣದ ಹಳೇ ಸಾಮಾನಿನ ಸಂತೆಯಲ್ಲಿ ಅವನು ಕೊಂಡಿದ್ದು ಒಂದು ಜೊತೆ ಬೂಟು. ಎಡಗಾಲಿನದ್ದನ್ನು ತಂದು ಇಲ್ಲಿಟ್ಟಿದ್ದ. ಬಲಗಾಲಿನದ್ದು ಅವನ ಮನೆಯ ಕಿಟಕಿಯಲ್ಲಿತ್ತು. ಅದರಲ್ಲಿ ಹೆಂಡತಿ ನೆಟ್ಟ ಜೆರೇನಿಯಂ ಈ ವರ್ಷ ತುಂಬ ಹೂ ಬಿಟ್ಟಿತ್ತು.