ಹೋಲಿಕೆ ತಪಾಸಣೆ

“ಹೊಟ್ಟಿ ನೋಡ್ರಿ ಇಂವಂದು! ಗಬ್ಬಾದ ಎಮ್ಮಿ ಆಗ್ಯಾನ. ಫೋಟೊದಾಗ ಎಷ್ಟ್ ಚಂದ ಸೊರಗಿದ್ದ!” ಎಂದ ತಪಾಸಣೆಯ ಅಧಿಕಾರಿ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

ಹತ್ತು ವರ್ಷದ ಹಿಂದೆ ಸಾಯಬಣ್ಣ ಬರಿಗಾಲಲ್ಲಿ ಗಣಿಯ ಕಲ್ಲು ಹೊತ್ತಿದ್ದ ಫೋಟೊ ನೋಡಿ ದೇಶವೇ ಅತ್ತು, ಅವನ ಓಣಿಗೆ ನೀರಿನ ನಳ ಹಾಕಿಸಿತ್ತು. ಅಂಥ ಫೋಟೊದವರು ವರ್ಷಕ್ಕೊಮ್ಮೆ ಬಂದು, ತಾವಿನ್ನೂ ಫೋಟೊದಂತೆಯೇ ಇದ್ದೇವೆಂದು ತೋರಿಸಬೇಕು. ಇಲ್ಲದಿದ್ದರೆ ನಳ ಬಂದ್.

“ಎಂಟು ದಿನ ಉಪಾಸ ಇದ್ದು ಬಾ. ಮೊದಲ ಆ ಚಪ್ಪಲಿ ಬಿಡು,” ಎಂದ ಅಧಿಕಾರಿ.

“ಬಿಡೋ ಯಪ್ಪಾ, ನೀರಿನ ಸಲುವಾಗಿ,” ಎಂದಳು ಜೊತೆಗೆ ಬಂದಿದ್ದ ಅವನ ಓಣಿಯ ನಿಂಗಮ್ಮ.

ಸಾಯಬಣ್ಣ ಕಚೇರಿಯ ಗೋಡೆಗೆ ತೂಗುಹಾಕಿದ್ದ ತನ್ನ ದೊಡ್ಡ ಫೋಟೊ ಕಿತ್ತು, ಚೌಕಟ್ಟಿನ ಸಮೇತ ತಲೆಮೇಲೆ ಹೊತ್ತ.

“ಈಗ ಥೇಟ್ ಹೋಲ್ತಾನ! ಏ, ಹಂಗೇ ನಿಲ್ಲೋ!” ಅಧಿಕಾರಿ ಕೂಗಿದ.

ಸಾಯಬಣ್ಣ ಫೋಟೊ ಹೊತ್ತುಕೊಂಡೇ, ಚಪ್ಪಲಿ ಬಡಿಯುತ್ತ ಹೊರಗೆ ನಡೆದುಬಿಟ್ಟ.